ಪಲ್ಯಕ್ಕೆ ಅನ್ನ ನೆಂಚಿಕೊಳ್ಳಿ: ಶುಗರ್ ಇರುವವರಿಗೆ ಕಡಿಮೆ ಕಾರ್ಬ್ ಊಟ

ಶುಗರ್ ಇದೆ ಅಂತ ಗೊತ್ತಾದ ತಕ್ಷಣ ಮನೆಯಲ್ಲಿ ಮೊದಲು ಗಡೀಪಾರಾಗುವುದು ಅನ್ನ. ಆ ಜಾಗಕ್ಕೆ ರಾಗಿ ಮುದ್ದೆಯೋ ಚಪಾತಿಯೋ ಬಂದು ಕೂರುತ್ತದೆ. ತಿಂಗಳುಗಟ್ಟಲೆ ಕಳೆದರೂ ರೀಡಿಂಗ್ ಇಳಿಯುವುದಿಲ್ಲ. ‘ಅನ್ನ ಮುಟ್ಟೇ ಇಲ್ಲ ಡಾಕ್ಟ್ರೇ’ ಎಂಬ ಗೋಳು ಬೇರೆ.

ಲೆಕ್ಕ ನೋಡಿದರೆ ಕಾರಣ ಗೊತ್ತಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ಚಿಕ್ಕದಾಗಿ ಕಾರ್ಬ್, ಅಂದರೆ ಪಿಷ್ಟ, ಸಕ್ಕರೆಯ ಅಂಶ) ಇದೆ. ಜೋಳದಲ್ಲಿ 68, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ 100 ಗ್ರಾಂ ಹಿಟ್ಟಿನ ಮುದ್ದೆ ತಿಂದರೆ 67 ಗ್ರಾಂ ಕಾರ್ಬ್ ಹೊಟ್ಟೆಗೆ ಹೋಯಿತು ಅಂತಲೇ ಲೆಕ್ಕ. ಒಂದು ಕಪ್ ಅನ್ನದಲ್ಲಿ ಇರುವುದು ಸುಮಾರು 45. ಧಾನ್ಯ ಬದಲಿಸಿದರೆ ಸಾಲದು, ಅಳತೆ ಇಳಿಯಬೇಕು.

<b>ಮೊದಲು ಮಾತ್ರೆ ಚೀಟಿ ನೋಡಿ</b>

ಊಟ ಬದಲಿಸುವ ಮುಂಚೆ ಇದೇ ಮೊದಲ ಕೆಲಸ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮಿಪಿರೈಡ್ ಅಥವಾ ಗ್ಲಿಕ್ಲಜೈಡ್ ನುಂಗುವವರು ಡೋಸ್ ಹಾಗೇ ಇಟ್ಟುಕೊಂಡು ಅನ್ನ ಕಡಿಮೆ ಮಾಡಿದರೆ ಶುಗರ್ ದಿಢೀರ್ ಕುಸಿಯಬಹುದು. ಕೈ ನಡುಕ, ಬೆವರು, ತಲೆಸುತ್ತು ಬಂದರೆ ಶುಗರ್ ನೋಡುವ ಮೀಟರ್ ಹಿಡಿಯಿರಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಬೇರೆ ತರಹದ್ದು. ಕಾರ್ಬ್ ತೀರಾ ಇಳಿಸಿದರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿ ಆಸ್ಪತ್ರೆ ಸೇರಬೇಕಾಗಬಹುದು. ಅದೂ ಮೀಟರಿನಲ್ಲಿ ಶುಗರ್ ತೀರಾ ಜಾಸ್ತಿ ಕಾಣಿಸದೇ ಇರುವಾಗಲೂ! ಬರೀ ಮೆಟ್‌ಫಾರ್ಮಿನ್ ಇದ್ದವರಿಗೆ ಇಂಥ ಭಯ ಕಡಿಮೆ.

ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆಯ ಶುಗರ್) ಇರುವವರು, ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ದಾರಿ ಹಿಡಿಯಬೇಡಿ. ಬಿಪಿ ಮಾತ್ರೆ ನುಂಗುವವರೂ ಒಂದು ಮಾತು ಹೇಳಿಬಿಡಿ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ, ಹಳೇ ಡೋಸ್ ಜಾಸ್ತಿಯಾಗಬಹುದು.

<b>ತಟ್ಟೆಯನ್ನು ತಿರುವಿ ಹಾಕಿ</b>

ದಿನಕ್ಕೆ ಕಾರ್ಬ್ 130 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ಕಾರ್ಬ್ ಊಟ ಅನ್ನುತ್ತಾರೆ. ಅನ್ನವೇ ಪ್ರಧಾನವಾದ ನಮ್ಮ ಊಟದಲ್ಲಿ ಅದು ಸಲೀಸಾಗಿ 300 ದಾಟುತ್ತದೆ. ಒಂದೇ ಏಟಿಗೆ ಇಳಿಸಲು ಹೋಗಿ ವಾರದಲ್ಲಿ ಸುಸ್ತಾಗಿ ಬಿಟ್ಟುಬಿಡುವವರೇ ಜಾಸ್ತಿ. ಮೊದಲು ರಾತ್ರಿ ಊಟ ಒಂದನ್ನೇ ಸರಿಮಾಡಿ.

ನಾವು ಅನ್ನಕ್ಕೆ ಪಲ್ಯ ನೆಂಚಿಕೊಳ್ಳುವ ಜನ. ಇಲ್ಲಿ ಪಲ್ಯಕ್ಕೆ ಅನ್ನ ನೆಂಚಿಕೊಳ್ಳಬೇಕು, ಅಷ್ಟೇ. ಅರ್ಧ ತಟ್ಟೆ ತರಕಾರಿ ತುಂಬಲಿ. ಪಡವಲ, ಹೀರೆ, ಸೋರೆ, ಬದನೆ, ಎಲೆಕೋಸು, ದಂಟು, ಸಬ್ಬಸಿಗೆ, ಯಾವುದಾದರೂ ಸರಿ. ಆಲೂಗೆಡ್ಡೆ, ಗೆಣಸು ತರಕಾರಿ ಅಂಗಡಿಯಲ್ಲಿ ಸಿಕ್ಕರೂ ಅವು ಅನ್ನದ ಪಾಲಿನವು. ಕಾಲು ತಟ್ಟೆ ಮೊಟ್ಟೆ, ಮೀನು, ಕೋಳಿ, ಇಲ್ಲವೇ ಪನೀರ್. ಉಳಿದ ಜಾಗದಲ್ಲಿ ಅರ್ಧ ಕಪ್ ಅನ್ನವೋ, ನಿಂಬೆಹಣ್ಣಿನ ಗಾತ್ರದ ಎರಡು ತುತ್ತು ಮುದ್ದೆಯೋ ಇರಲಿ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ಒಪ್ಪಿಕೊಳ್ಳಲೇಬೇಕು. ಬೇಳೆ, ಹುರುಳಿಕಾಳಿನಲ್ಲಿ ಪ್ರೋಟೀನ್ ಜೊತೆ ಕಾರ್ಬೂ ತೂಕದ ಅರ್ಧಕ್ಕಿಂತ ತುಸು ಹೆಚ್ಚೇ ಇದೆ. ಹಾಗಾಗಿ ಗಟ್ಟಿ ಮೊಸರು, ಪನೀರ್, ಶೇಂಗಾ ಇವನ್ನು ಹೆಚ್ಚು ನೆಚ್ಚಿಕೊಳ್ಳಬೇಕು. ಸಾಂಬಾರಿನ ಬೇಳೆ ಬಿಡಬೇಕಿಲ್ಲ, ಆದರೆ ಸಾಂಬಾರಿನ ಆಸೆಗೆ ಮತ್ತೆ ಅನ್ನ ಹಾಕಿಸಿಕೊಳ್ಳುವುದು ಬಿಡಬೇಕು.

ತಿನ್ನುವ ಸರದಿಯೂ ಮುಖ್ಯ. ಮೊದಲು ಕೋಸಂಬರಿ, ಪಲ್ಯ, ಮೊಟ್ಟೆ. ಅನ್ನ ಕೊನೆಗೆ. ಅಷ್ಟೇ ಅನ್ನವನ್ನು ಮೊದಲೇ ತಿಂದಾಗ ಏರುವಷ್ಟು ಶುಗರ್ ಹೀಗೆ ತಿಂದಾಗ ಏರುವುದಿಲ್ಲ. ಊಟ ಆದಮೇಲೆ ಸೋಫಾ ಕಡೆ ಹೋಗದೆ ಹದಿನೈದು ನಿಮಿಷ ನಡೆಯಿರಿ.

ತಿಂಡಿಯದ್ದೇ ದೊಡ್ಡ ತಲೆನೋವು. ಇಡ್ಲಿ, ಅವಲಕ್ಕಿ, ಉಪ್ಪಿಟ್ಟು, ಶ್ಯಾವಿಗೆ ಎಲ್ಲವೂ ಪಿಷ್ಟವೇ. ಎರಡು ಮೊಟ್ಟೆಯ ಆಮ್ಲೆಟ್, ಕಡಲೆಹಿಟ್ಟಿಗೆ ಸಬ್ಬಸಿಗೆ ಸೊಪ್ಪು ಹಾಕಿದ ತೆಳು ದೋಸೆ, ಪೆಸರಟ್ಟು ಇವುಗಳಲ್ಲಿ ಒಂದನ್ನು ರೂಢಿಸಿಕೊಳ್ಳಿ. ಇಡ್ಲಿ ಇಲ್ಲದೆ ಆಗಲ್ಲ ಅನ್ನುವವರು ಒಂದೇ ಇಡ್ಲಿಗೆ ಒಂದು ಬಟ್ಟಲು ಕಾಯಿಚಟ್ನಿ ಇಟ್ಟುಕೊಳ್ಳಲಿ. ಬೆಲ್ಲದ ಕಾಫಿಯೂ ಸಕ್ಕರೆ ಕಾಫಿಯೂ ಶುಗರ್ ವಿಷಯದಲ್ಲಿ ಒಂದೇ.

<b>ಮೀಟರಿನ ಮಾತು ಕೇಳಿ</b>

ಪಟ್ಟಿಗಳಿಗಿಂತ ನಿಮ್ಮ ಮೀಟರನ್ನು ನಂಬಿ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಬೆರಳನ್ನು ಸೋಪು ಹಾಕಿ ತೊಳೆದು ಒರೆಸಿಕೊಂಡೇ ಚುಚ್ಚಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿದರೆ ಸುಳ್ಳು ರೀಡಿಂಗ್ ಬರುತ್ತದೆ. ಸಾಮಾನ್ಯವಾಗಿ ಖಾಲಿ ಹೊಟ್ಟೆಗೆ 80ರಿಂದ 130, ಊಟದ ನಂತರ 180ರ ಒಳಗೆ ಇರಲಿ ಅನ್ನುತ್ತಾರೆ. ವಯಸ್ಸಾದವರಿಗೆ ಈ ಗುರಿ ಬೇರೆ ಇರಬಹುದು. ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದು ಎಡಕ್ಕೆ, ರೀಡಿಂಗ್ ಬಲಕ್ಕೆ ಬರೆಯಿರಿ. ಮುದ್ದೆ ನಿಮಗೆ ಎಷ್ಟು ಏರಿಸುತ್ತದೆ, ಚಪಾತಿ ಎಷ್ಟು ಅನ್ನುವುದು ಒಂದೆರಡು ವಾರದಲ್ಲೇ ಕಾಣಿಸುತ್ತದೆ.

ತೂಕದ ವಿಷಯದಲ್ಲಿ ಮೊದಲ ವಾರದ ಖುಷಿ ಬೇಡ. ಆಗ ಇಳಿಯುವುದರಲ್ಲಿ ನೀರೇ ಜಾಸ್ತಿ. ತಲೆನೋವು, ಸುಸ್ತು ಕಾಣಿಸಬಹುದು. ಬಿಪಿ ಇಲ್ಲದವರು ಚಿಟಿಕೆ ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿಯಲಿ. ತಕ್ಕಡಿಗಿಂತ ಟೇಪು ಒಳ್ಳೆಯದು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಇನ್ನೊಂದು ವಿಷಯ: ಕಾರ್ಬ್ ಇಲ್ಲ ಅಂತ ಶೇಂಗಾ, ತುಪ್ಪವನ್ನು ಲೆಕ್ಕವಿಲ್ಲದೆ ತಿಂದರೆ ಶುಗರ್ ಇಳಿದರೂ ಹೊಟ್ಟೆ ಇಳಿಯುವುದಿಲ್ಲ.

ಮದುವೆ ಮನೆಯಲ್ಲಿ ಹೋಳಿಗೆ ಬೇಕೇ ಬೇಕು ಅನಿಸಿದರೆ ಒಂದು ತಿನ್ನಿ, ಆವತ್ತು ಚಿತ್ರಾನ್ನ, ಅನ್ನ ಎರಡನ್ನೂ ಬಿಡಿ. ಮರುದಿನ ಉಪವಾಸ ಬೀಳುವುದು ಬೇಡ, ಮಾಮೂಲಿ ಊಟಕ್ಕೆ ಮರಳಿ.

ಮೂರು ತಿಂಗಳಿಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) ಮಾಡಿಸಿ. ಅದರ ಜೊತೆ ಕೊಲೆಸ್ಟ್ರಾಲ್, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಕೂಡ ಇರಲಿ. ರಿಪೋರ್ಟಿನ ಜೊತೆ ಆ ನೋಟ್‌ಬುಕ್ಕನ್ನೂ ಡಾಕ್ಟರ ಮುಂದಿಡಿ. ಸಂಖ್ಯೆ ಚೆನ್ನಾಗಿ ಬಂತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಯಾವುದನ್ನು ಕಡಿಮೆ ಮಾಡಬಹುದು ಅಂತ ಅವರನ್ನೇ ಕೇಳಿ.