ಮಾತು ನಿಲ್ಲಿಸಿ, ಬೆರಳಿಂದ ಓದಿ: ಬ್ರೈಲ್ ಡಿಸ್‌ಪ್ಲೇ ಯಾವಾಗ, ಹೇಗೆ

‘ಧನಸಹಾಯ’ ಎಂದಿರಬೇಕಾದ ಕಡೆ ‘ದನಸಹಾಯ’ ಎಂದು ಅಚ್ಚಾಗಿತ್ತು. ಆ ಪುಟದ ಪ್ರೂಫ್ ನೋಡಿದ್ದು ನಾನು. ಮೂರು ಸಲ ಪೂರ್ತಿ ಕೇಳಿಸಿಕೊಂಡು, ಸರಿಯಿದೆ ಎಂದು ಕಳಿಸಿದ್ದೆ. ಶಾಲೆಯಲ್ಲಿ ಕಲಿತ ಬ್ರೈಲ್ ನನ್ನಿಂದ ದೂರವಾಗಿ ವರ್ಷಗಳಾಗಿದ್ದವು. ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ, ಸ್ಕ್ರೀನ್ ರೀಡರ್, ಓದುತ್ತಿತ್ತು, ನಾನು ಕೇಳುತ್ತಿದ್ದೆ, ಅದನ್ನೇ ಓದು ಎಂದುಕೊಂಡಿದ್ದೆ. ಆದರೆ ನಾನು ಇಟ್ಟುಕೊಳ್ಳುವ ವೇಗದಲ್ಲಿ ‘ದ’ ಮತ್ತು ‘ಧ’ ಒಂದೇ ಉಸಿರಲ್ಲಿ ಹಾರಿಹೋಗುತ್ತವೆ. ಬೆರಳಿಗೆ ಹಾಗಲ್ಲ. ಬ್ರೈಲ್‌ನ ಒಂದು ಅಕ್ಷರಕ್ಕೆ ಆರು ಚುಕ್ಕಿಗಳ ಜಾಗ: ಎಡಗಡೆ ಮೇಲಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ‘ದ’ ಅಂದರೆ 1-4-5 ಚುಕ್ಕಿ, ‘ಧ’ ಅಂದರೆ 2-3-4-6. ಒಂದರ ಆಕಾರಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ‘ಲ’ ಎಡಗಡೆಯ ಮೂರೂ ಚುಕ್ಕಿ, ‘ಳ’ ಬಲಗಡೆಯ ಮೂರೂ ಚುಕ್ಕಿ. ಅವಸರದಲ್ಲಿದ್ದರೂ ತಪ್ಪು ಸಿಕ್ಕಿಬೀಳುತ್ತದೆ.

ಆ ವಾರವೇ ಬ್ರೈಲ್ ಡಿಸ್‌ಪ್ಲೇ, ಅಂದರೆ ಪರದೆಯ ಬರಹವನ್ನು ಎದ್ದ ಚುಕ್ಕಿಗಳಾಗಿ ಬೆರಳಿಗೆ ಕೊಡುವ ಯಂತ್ರ, ಮೇಜಿನ ಮೇಲೆ ಬಂತು. ಈಗ ಹೊಸಬರಿಗೆ ಹೇಳಿಕೊಡುವಾಗ ನಾನು ಮೊದಲು ಕಲಿಸುವುದು ಮಾತು ನಿಲ್ಲಿಸುವುದನ್ನು.

ನನ್ನದು 40 ಸೆಲ್‌ನದ್ದು, ಅಂದರೆ ಒಮ್ಮೆಗೆ 40 ಬ್ರೈಲ್ ಅಕ್ಷರಗಳಷ್ಟು ಜಾಗದ್ದು. 14, 20, 80 ಸೆಲ್‌ನವೂ ಇವೆ. ಒಂದೊಂದು ಸೆಲ್‌ನಲ್ಲಿ ಎಂಟು ಪಿನ್. ಒಳಗಿರುವ ಸಣ್ಣ ಪಟ್ಟಿಗಳು ವಿದ್ಯುತ್ ಹರಿದಾಗ ಬಾಗಿ ಪಿನ್ ಎತ್ತುತ್ತವೆ. ಅಕ್ಷರಕ್ಕೆ ಬೇಕಾದವು ಆರು. ಕೆಳಗಿನ 7 ಮತ್ತು 8ನೇ ಚುಕ್ಕಿ ಸಾಮಾನ್ಯವಾಗಿ ಕರ್ಸರ್ ತೋರಿಸಲು. ಸೆಲ್‌ಗಳ ಪಕ್ಕದಲ್ಲಿ ಒಂದೊಂದಕ್ಕೂ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕರ್ಸರ್ ನೇರವಾಗಿ ಆ ಅಕ್ಷರಕ್ಕೆ ಹೋಗುತ್ತದೆ. ತಪ್ಪು ಬೆರಳಿಗೆ ಸಿಕ್ಕ ತಕ್ಷಣ ಗುಂಡಿ ಒತ್ತಿ, ಅಳಿಸಿ, ತಿದ್ದಿ ಮುಂದೆ ಹೋಗಬಹುದು. ಬಾಣದ ಕೀ ಒತ್ತುತ್ತಾ ಒಂದೊಂದೇ ಅಕ್ಷರ ಕೇಳಿಸಿಕೊಳ್ಳುತ್ತಿದ್ದ ದಿನಗಳಿಗೆ ನಾನಂತೂ ಮತ್ತೆ ಹೋಗಲಾರೆ.

ಜೋಡಿಸುವುದು ಕಷ್ಟವಿಲ್ಲ. ನಾನು ಬಳಸುವ ಸ್ಕ್ರೀನ್ ರೀಡರ್ ಎನ್‌ವಿಡಿಎ. ಮೇಜಿನ ಮೇಲೆ ಕೆಲಸವಾದರೆ ಯುಎಸ್‌ಬಿ ತಂತಿಯನ್ನೇ ಹಾಕಿ. ಬ್ಲೂಟೂತ್ ಓಡಾಡುವಾಗ ಸಾಕು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಕಂಟ್ರೋಲ್ ಮತ್ತು ಎ ಒತ್ತಿದರೆ ಡಿಸ್‌ಪ್ಲೇ ಆರಿಸುವ ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ‘ಆಟೊಮ್ಯಾಟಿಕ್’ ಆರಿಸಿ ನೋಡಿ, ಸಿಗದಿದ್ದರೆ ಪಟ್ಟಿಯಲ್ಲಿ ನಿಮ್ಮ ಯಂತ್ರದ ಹೆಸರು ಹುಡುಕಿ. ಆಮೇಲೆ ಬ್ರೈಲ್ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ವಿಷಯ ಸರಿಮಾಡಿಕೊಳ್ಳಿ.

ಮೊದಲನೆಯದು ಔಟ್‌ಪುಟ್ ಟೇಬಲ್, ಅಂದರೆ ಬರಹವನ್ನು ಯಾವ ಭಾಷೆಯ ಬ್ರೈಲ್ ಆಗಿ ಬದಲಿಸಬೇಕು ಎಂದು ಹೇಳುವ ಪಟ್ಟಿ. ಕನ್ನಡ ಓದಬೇಕಾದರೆ ಕನ್ನಡದ ಟೇಬಲ್ಲೇ ಬೇಕು. ಇಂಗ್ಲಿಷಿನದು ಇಟ್ಟುಕೊಂಡು ಕನ್ನಡ ಕಡತ ತೆರೆದರೆ ಓದಲಾಗದ ಸಂಕೇತಗಳ ಸಾಲು ಬರುತ್ತದೆ. ಹೊಸಬರು ಯಂತ್ರ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಎರಡೂ ಭಾಷೆ ಬೆರೆತ ಪುಟದಲ್ಲಿ ಇನ್ನೊಂದು ತೊಡಕಿದೆ. ಕನ್ನಡದ ‘ಕ’ಗೂ ಇಂಗ್ಲಿಷಿನ ‘ಕೆ’ಗೂ 1-3 ಚುಕ್ಕಿಯೇ. ಅಂಥ ಕಡೆ ಯಾವ ಭಾಷೆ ಎಂಬ ಅನುಮಾನ ಬಂದರೆ ಆ ಒಂದು ಸಾಲನ್ನು ಮಾತಿನಲ್ಲಿ ಕೇಳಿಬಿಡಿ.

ಎರಡನೆಯದು ಸಂದೇಶಗಳ ಅವಧಿ. ಯಾವುದಾದರೂ ಸೂಚನೆ ಬಂದರೆ ಅದು ನೀವು ಓದುತ್ತಿದ್ದ ಸಾಲಿನ ಜಾಗದಲ್ಲೇ ಕೂರುತ್ತದೆ. ಕೆಲವು ಸೆಕೆಂಡಾದ ಮೇಲೆ ತಾನೇ ಸರಿಯುತ್ತದೆ, ಆದರೆ ಆ ಹೊತ್ತಿಗೆ ಓದಿನ ಎಳೆ ತಪ್ಪಿರುತ್ತದೆ. ನಿಮ್ಮ ಓದಿನ ವೇಗಕ್ಕೆ ಹೊಂದುವಷ್ಟು ಇಡಿ. ಪ್ರೂಫ್ ನೋಡುವಾಗ ನಾನು ಸಂದೇಶ ತೋರಿಸುವುದನ್ನೇ ನಿಲ್ಲಿಸಿಬಿಡುತ್ತೇನೆ.

ಈಗ ಮಾತು ನಿಲ್ಲಿಸುವುದು. ಎನ್‌ವಿಡಿಎ ಕೀ ಜೊತೆ ಎಸ್ ಒತ್ತುತ್ತಾ ಹೋದರೆ ಮಾತಿನ ಸ್ಥಿತಿ ಬದಲಾಗುತ್ತದೆ. 2024.1ನೇ ಆವೃತ್ತಿಯಿಂದ, ಕೇಳಿದಾಗ ಮಾತ್ರ ಮಾತಾಡುವ ಸ್ಥಿತಿಯೂ ಇದೆ. ಬ್ರೈಲ್ ಓದುವವರಿಗೆ ಇದು ತುಂಬ ಅನುಕೂಲ. ನೀವಾಗಿ ಬಾಣದ ಕೀ ಒತ್ತಿ ಓಡಾಡಿದರೆ ಅದು ಸುಮ್ಮನಿರುತ್ತದೆ. ಕಿಟಕಿಯ ಶೀರ್ಷಿಕೆ ಬೇಕೆಂದು ಎನ್‌ವಿಡಿಎ ಕೀ ಜೊತೆ ಟಿ ಒತ್ತಿದರೆ ಹೇಳುತ್ತದೆ. ಒಂದು ಎಚ್ಚರಿಕೆ: ಮಾತು ಪೂರ್ತಿ ನಿಲ್ಲಿಸಿದ್ದಾಗ ಡಿಸ್‌ಪ್ಲೇಯ ಬ್ಯಾಟರಿ ಮುಗಿದರೆ ಕಂಪ್ಯೂಟರೇ ಸತ್ತಂತೆ ಅನಿಸುತ್ತದೆ. ಹೆದರಬೇಡಿ, ಮಾತು ಬರುವವರೆಗೆ ಅದೇ ಎರಡು ಕೀ ಒತ್ತಿ.

ಆರಂಭದಲ್ಲಿ ದಿನಕ್ಕೆ ಅರ್ಧ ಗಂಟೆ ಹೀಗೆ ಮೌನದಲ್ಲಿ ಓದಿ. ಮೊದಲ ವಾರ ನನಗೆ ಅಳು ಬರುವಷ್ಟು ನಿಧಾನವಾಗಿತ್ತು. ಕಿವಿಗೆ ಒಂದು ನಿಮಿಷದ ಕೆಲಸ ಬೆರಳಿಗೆ ಹತ್ತು ನಿಮಿಷ. ಮಾತನ್ನೂ ಬ್ರೈಲನ್ನೂ ಒಟ್ಟಿಗೆ ಇಟ್ಟುಕೊಂಡು ಅಭ್ಯಾಸ ಮಾಡಲು ಹೋಗಬೇಡಿ. ಕಿವಿ ಮುಂದೋಡುತ್ತದೆ, ಬೆರಳು ಸುಮ್ಮನೆ ಸಾಲಿನ ಮೇಲೆ ಜಾರುತ್ತದೆ, ಏನೂ ಕಲಿತಂತಾಗುವುದಿಲ್ಲ. ಚಿಕ್ಕದಾದ, ನಿಮಗೆ ನಿಜವಾಗಿ ಬೇಕಾದ ಬರಹವನ್ನೇ ಆರಿಸಿಕೊಳ್ಳಿ.

ನನ್ನ ದಿನದಲ್ಲಿ ಕೆಲಸ ಹೀಗೆ ಹಂಚಿಹೋಗಿದೆ. ಉದ್ದದ ಲೇಖನ, ಸುದ್ದಿ, ಬಂದ ಮೇಲ್‌ಗಳ ರಾಶಿ, ವೆಬ್ ಪುಟದಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆಯುವುದು, ಇವೆಲ್ಲ ಕಿವಿಗೆ. ದೊಡ್ಡ ಕೋಷ್ಟಕಗಳೂ ಅಷ್ಟೇ; 40 ಸೆಲ್‌ನಲ್ಲಿ ಅವು ತುಂಡುತುಂಡಾಗುತ್ತವೆ. ಹೆಸರು, ಮೇಲ್ ವಿಳಾಸ, ಖಾತೆ ಸಂಖ್ಯೆ, ಸೊನ್ನೆಗಳ ಎಣಿಕೆ, ವಿರಾಮ ಚಿಹ್ನೆ ಬೆರಳಿಗೆ. ಎರಡು ಪದಗಳ ನಡುವೆ ಎರಡು ಸ್ಪೇಸ್ ಬಿದ್ದಿದ್ದರೆ ಮಾತು ಅದನ್ನು ಹೇಳುವುದೇ ಇಲ್ಲ, ಬೆರಳಿಗೆ ಅದು ಸ್ಪಷ್ಟವಾದ ಖಾಲಿ ಜಾಗ. ಕವಿತೆಯನ್ನು ನಾನು ಎಂದೂ ಯಂತ್ರದ ದನಿಯಲ್ಲಿ ಕೇಳುವುದಿಲ್ಲ. ಸಾಲು ಎಲ್ಲಿ ಮುರಿದಿದೆ ಎಂಬುದು ನನಗೆ ಮುಟ್ಟಿಯೇ ತಿಳಿಯಬೇಕು.

ಸಭೆಯಲ್ಲಿ ಮಾತಾಡುವಾಗ ಡಿಸ್‌ಪ್ಲೇಗೆ ಸಮನಾದದ್ದಿಲ್ಲ. ಹಿಂದೆ ಒಂದು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು, ಅದು ಹೇಳಿದ್ದನ್ನು ಹೇಳುತ್ತಾ, ಎದುರಿನವರ ಪ್ರಶ್ನೆಯನ್ನೂ ಕೇಳಿಸಿಕೊಳ್ಳಬೇಕಿತ್ತು. ಈಗ ಟಿಪ್ಪಣಿ ಎಡಗೈ ಕೆಳಗಿರುತ್ತದೆ, ಎರಡೂ ಕಿವಿ ಎದುರಿನವರಿಗೆ.

ಕೊನೆಗೆ ಯಂತ್ರದ ಆರೈಕೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಮುಟ್ಟಿ. ಎಣ್ಣೆ, ಧೂಳು ಕೂತರೆ ಪಿನ್ ಸಿಕ್ಕಿಕೊಳ್ಳುತ್ತದೆ. ನನಗೊಮ್ಮೆ ಒಂದೇ ದಿನ ‘ಲ’ ಇರಬೇಕಾದ ಎಷ್ಟೋ ಕಡೆ ‘ಬ’ ಸಿಗತೊಡಗಿತು. ಟೈಪ್ ಮಾಡಿದವರ ತಪ್ಪು ಎಂದು ಗುರುತು ಹಾಕುತ್ತಾ ಹೋದೆ. ಆಮೇಲೆ ಗಮನಿಸಿದರೆ ಎಲ್ಲವೂ ಏಳನೇ ಸೆಲ್‌ನಲ್ಲೇ. ಅಲ್ಲಿ ಮೂರನೇ ಪಿನ್ ಏಳುತ್ತಿರಲಿಲ್ಲ. 1-2-3ರಲ್ಲಿ 3 ಹೋದರೆ ಉಳಿಯುವುದು ‘ಬ’. ನಿಮಗೂ ಅಂಥ ಅನುಮಾನ ಬಂದರೆ ಖಾಲಿ ಕಡತದಲ್ಲಿ ಸಾಲು ತುಂಬ ‘ಲ’ ಟೈಪ್ ಮಾಡಿ, ಎಡದಿಂದ ಬಲಕ್ಕೆ ನಿಧಾನವಾಗಿ ಬೆರಳಾಡಿಸಿ. ಆಮೇಲೆ ಬಲಗಡೆಯ ಪಿನ್‌ಗಳಿಗೆ ಒಂದು ಸಾಲು ‘ಳ’.