ಎಂಜಿನ್ ಇಳಿಸುವ ಮೊದಲು ಪಿಸಿವಿ ವಾಲ್ವ್ ನೋಡಿ
ಕೈಮರದ ಏರಿನಲ್ಲಿ ನನ್ನ 1999ರ ಪೆಟ್ರೋಲ್ ಕಾರು ಆಯಿಲ್ ಸುಟ್ಟ ನೀಲಿ ಹೊಗೆ ಬಿಡುತ್ತಿತ್ತು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಬಾಯಲ್ಲೂ ಆಯಿಲ್ ಜಿನುಗುತ್ತಿತ್ತು. ‘ಎಂಜಿನ್ ಇಳಿಸಬೇಕು ಸಾರ್’ ಅಂದ ಒಬ್ಬ ಮೆಕ್ಯಾನಿಕ್. ಸುಮ್ನೆ ಖರ್ಚು, ಅಲ್ವಾ?

ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುವ ಗ್ಯಾಸನ್ನು ಮತ್ತೆ ಇನ್‌ಟೇಕ್‌ಗೆ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಕಳಿಸುವುದು ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವಾಲ್ವ್ ಕೆಲಸ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಜಾಸ್ತಿಯಾಗಿ ಸೀಲ್‌ಗಳಲ್ಲಿ ಆಯಿಲ್ ಹೊರಬರುತ್ತದೆ. ತೆರೆದೇ ಸಿಕ್ಕಿಕೊಂಡರೆ ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಓಡುವ ಲಯ ಕೆಡುತ್ತದೆ.

ಎಂಜಿನ್ ತಣ್ಣಗಾಗಲಿ. ಎಷ್ಟೋ ಹಳೇ ಕಾರುಗಳಲ್ಲಿ ಈ ಪಿಸಿವಿ ವಾಲ್ವ್, ಎಂಜಿನ್ ತಲೆಯ ಮುಚ್ಚಳವಾದ ಟ್ಯಾಪೆಟ್ ಕವರ್ ಮೇಲೆ ಗ್ರಾಮೆಟ್ ಅನ್ನುವ ರಬ್ಬರ್ ಬಳೆಯಲ್ಲಿ ಕೂತಿರುತ್ತದೆ. ವಾಲ್ವ್‌ಗೆ ಸಿಕ್ಕಿಸಿದ ಪೈಪಿನ ಕ್ಲಿಪ್ಪನ್ನು ಇಕ್ಕಳದಲ್ಲಿ ಸರಿಸಿ, ಪೈಪನ್ನು ತಿರುಚಿ ಎಳೆಯಿರಿ. ವಾಲ್ವ್ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿ. ಟಕಟಕ ಅನ್ನಬೇಕು. ನನ್ನದು ಮೂಕವಾಗಿತ್ತು. ಒಳಗೆ ಕಾಫಿ ಚರಟದಂಥ ಕರಿ ಮಡ್ಡಿ! ಗ್ರಾಮೆಟ್ ಬಿಸ್ಕತ್ತಿನ ಹಾಗೆ ಮುರಿಯಿತು. ತುಂಡು ಎಂಜಿನ್ ಒಳಗೆ ಬೀಳದಂತೆ ಚಿಮಟದಲ್ಲಿ ಹಿಡಿದು ತೆಗೆದೆ. ವಾಲ್ವ್ ಜೊತೆ ಗ್ರಾಮೆಟ್ಟನ್ನೂ ಹೊಸದೇ ಹಾಕಿ. ಪೈಪು ಬಿರಿದಿದ್ದರೆ ಅದೂ ಬದಲಾಗಲಿ.

ಹೊಸ ವಾಲ್ವನ್ನು ಮೊದಲು ಪೈಪಿಗೆ ಸಿಕ್ಕಿಸಿ, ಎಂಜಿನ್ ಆನ್ ಮಾಡಿ, ವಾಲ್ವಿನ ಬಾಯಿಗೆ ಹೆಬ್ಬೆರಳಿಡಿ. ಎಳೆತ ಸಿಕ್ಕರೆ ಸರಿ. ಎಂಜಿನ್ ಆಫ್ ಮಾಡಿ, ಗ್ರಾಮೆಟ್‌ಗೆ ಒಂದು ಹನಿ ಆಯಿಲ್ ಸವರಿ ವಾಲ್ವನ್ನು ಒತ್ತಿ ಕೂರಿಸಿ.

ಭಾನುವಾರ ಮತ್ತೆ ಕೈಮರದ ಏರು ಹತ್ತಿಸಿದೆ. ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ.