ಕಲ್ಲಂಗಡಿಗೆ ಪುದಿನ, ಮಾವಿಗೆ ಮಜ್ಜಿಗೆ ಹುಲ್ಲು: ಮನೆಯಲ್ಲೇ ಐಸ್ ಕ್ಯಾಂಡಿ

ಮಧ್ಯಾಹ್ನ ಮೂರು ಗಂಟೆ. ಮಕ್ಕಳಿಗೆ ರಜೆ. ಫ್ಯಾನಿನ ಗಾಳಿಯೂ ಬಿಸಿ. ಹತ್ತು ನಿಮಿಷಕ್ಕೊಮ್ಮೆ ಯಾರಾದರೊಬ್ಬರು ಫ್ರಿಜ್ ಬಾಗಿಲು ತೆಗೆದು ಸುಮ್ನೆ ನಿಂತಿರುತ್ತಾರೆ. ಏಪ್ರಿಲ್ ಬಂದರೆ ನಮ್ಮ ಮನೆಯಲ್ಲಿ ಇದೇ ಕಥೆ. ನಿಮ್ಮಲ್ಲೂ ಹೀಗೇ ಅಲ್ವಾ? ಅಂಥ ಹೊತ್ತಿಗೆ ಫ್ರೀಜರ್‌ನಲ್ಲಿ ಒಂದು ಡಜನ್ ಐಸ್ ಕ್ಯಾಂಡಿ ಇದ್ದರೆ ಎಲ್ಲರಿಗೂ ನೆಮ್ಮದಿ.

ಮನೆಯಲ್ಲಿ ಮಾಡಿದ ಕ್ಯಾಂಡಿ ಬಗ್ಗೆ ನಾನು ಕೇಳಿರುವ ದೂರು ಎರಡು. ಒಂದು, ಕಲ್ಲಿನ ಹಾಗೆ ಗಟ್ಟಿ. ಇನ್ನೊಂದು, ಎರಡು ಸಲ ಚೀಪಿದರೆ ರುಚಿಯೆಲ್ಲ ಹೋಗಿ ಕಡ್ಡಿಯಲ್ಲಿ ಬಿಳಿ ಐಸ್ ಮಾತ್ರ ಉಳಿಯುತ್ತದೆ. ನಾಲ್ಕೈದು ಬೇಸಿಗೆ ಮಾಡಿದ ಮೇಲೆ ನನಗೆ ಅರ್ಥವಾಗಿದ್ದು ಇಷ್ಟು: ಅಚ್ಚಿಗೆ ಹುಯ್ಯುವ ಮೊದಲು ರಸದ ರುಚಿ ನೋಡಿದರೆ ನಾಲಿಗೆಗೆ ‘ಸ್ವಲ್ಪ ಜಾಸ್ತಿಯಾಯ್ತಲ್ಲ’ ಅನಿಸಬೇಕು. ಸಿಹಿಯೂ ಜಾಸ್ತಿ, ಹುಳಿಯೂ ಜಾಸ್ತಿ, ಸೊಪ್ಪಿನ ಘಮವೂ ಜಾಸ್ತಿ. ಯಾಕೆಂದರೆ ತಣ್ಣಗಿರುವ ತಿನಿಸಿನ ಸಿಹಿ ನಾಲಿಗೆಗೆ ಕಡಿಮೆ ತಿಳಿಯುತ್ತದೆ. ಕರಗಿಹೋದ ಐಸ್ ಕ್ರೀಮನ್ನು ಒಂದು ಗುಟುಕು ಕುಡಿದು ನೋಡಿ. ಅದರಲ್ಲಿ ಎಷ್ಟು ಸಕ್ಕರೆ ಇತ್ತು ಅಂತ ಆಗ ಗೊತ್ತಾಗುತ್ತದೆ.

ಸಕ್ಕರೆಗೆ ಇನ್ನೊಂದು ಕೆಲಸವೂ ಇದೆ. ಬರೀ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಸಕ್ಕರೆ ಕರಗಿದ ನೀರಿಗೆ ಅದಕ್ಕಿಂತ ಜಾಸ್ತಿ ತಣ್ಣಗಾಗಬೇಕು. ಆಗಲೂ ಪೂರ್ತಿ ಗಟ್ಟಿಯಾಗುವುದಿಲ್ಲ, ಐಸಿನ ಹರಳುಗಳ ನಡುವೆ ಸ್ವಲ್ಪ ಪಾಕ ಹಾಗೇ ಉಳಿದಿರುತ್ತದೆ. ಕಚ್ಚಿದರೆ ಮೆತ್ತಗೆ ಪುಡಿಯಾಗುವುದು ಅದರಿಂದ. ಸಕ್ಕರೆ ತೀರಾ ಕಡಿಮೆ ಹಾಕಿದರೆ ಕಲ್ಲು. ತೀರಾ ಜಾಸ್ತಿಯಾದರೆ ರಾತ್ರಿಯಿಡೀ ಇಟ್ಟರೂ ಕಡ್ಡಿ ನಿಲ್ಲುವುದಿಲ್ಲ. ಹಣ್ಣಿನದೇ ಸಿಹಿಯೂ ಸೇರಿ, 1 ಲೀಟರ್ ರಸದಲ್ಲಿ ಸುಮಾರು 150ರಿಂದ 180 ಗ್ರಾಂ ಸಕ್ಕರೆ ಇದ್ದರೆ ಹದ ಸರಿಯಾಗಿ ಬರುತ್ತದೆ. ಕೆಳಗಿನ ಅಳತೆಗಳನ್ನು ಇದೇ ಲೆಕ್ಕದಲ್ಲಿ ಕೊಟ್ಟಿದ್ದೇನೆ.

ಊರಿನ ಐಸ್ ಕ್ಯಾಂಡಿ ಫ್ಯಾಕ್ಟರಿಯೊಳಗೆ ಹೋಗಿ ನೋಡಿದ್ದೀರಾ? ಅಲ್ಲಿ ರಸ ತುಂಬಿದ ಅಚ್ಚುಗಳನ್ನು ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಉಪ್ಪು ಕರಗಿದ ನೀರು ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಹೆಪ್ಪುಗಟ್ಟುವುದಿಲ್ಲ. ಅಚ್ಚಿನ ಸುತ್ತ ಆ ತಣ್ಣೀರು ತಾಗಿ ಕ್ಯಾಂಡಿ ಬೇಗ ಗಟ್ಟಿಯಾಗುತ್ತದೆ. ಬೇಗ ಗಟ್ಟಿಯಾದಷ್ಟೂ ಐಸಿನ ಹರಳು ಸಣ್ಣ, ತಿನ್ನಲು ನಯ. ನಮ್ಮ ಫ್ರೀಜರ್‌ನಲ್ಲಿ ಬರೀ ತಣ್ಣನೆ ಗಾಳಿ, ಕೆಲಸ ನಿಧಾನ. ಅದಕ್ಕೇ ನಾವು ಸ್ವಲ್ಪ ಮುಂಚೆಯೇ ತಯಾರಾಗಬೇಕು. ಕ್ಯಾಂಡಿ ಇಡುವ ಎರಡು ಗಂಟೆ ಮೊದಲು ಫ್ರೀಜರನ್ನು ಅತಿ ತಂಪಿಗೆ ತಿರುಗಿಸಿ. ರಸವನ್ನು ಬಿಸಿಯಾಗಿ ಯಾವತ್ತೂ ಇಡಬೇಡಿ. ಮೊದಲು ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾಗಲಿ, ಆಮೇಲೆ ಫ್ರೀಜರ್‌ಗೆ.

ಬೇಕಾಗುವ ಸಾಮಾನು

ಪ್ಲಾಸ್ಟಿಕ್ ಅಚ್ಚು ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ನಾನು ಹೆಚ್ಚಾಗಿ ಬಳಸುವುದು ಸಣ್ಣ ಸ್ಟೀಲ್ ಲೋಟಗಳನ್ನೇ, ಬುಡ ಕಿರಿದು ಬಾಯಿ ಅಗಲ ಇರುವಂಥವು. ಸ್ಟೀಲಿಗೆ ಪ್ಲಾಸ್ಟಿಕ್‌ಗಿಂತ ಬೇಗ ತಂಪು ಹತ್ತುತ್ತದೆ, ಕ್ಯಾಂಡಿ ಬೇಗ ಕಟ್ಟುತ್ತದೆ, ತೆಗೆಯುವುದೂ ಸುಲಭ. ಕಾಗದದ ಟೀ ಕಪ್ ಆದರೂ ನಡೆಯುತ್ತದೆ, ಆಮೇಲೆ ಹರಿದು ತೆಗೆದರಾಯಿತು. ಐಸ್ ಕ್ಯಾಂಡಿ ಕಡ್ಡಿ, ಒಂದು ತುಂಡು ಅಲ್ಯೂಮಿನಿಯಂ ಫಾಯಿಲ್, ಸಣ್ಣ ಕಣ್ಣಿನ ಜರಡಿ, ಮಿಕ್ಸಿ ಇದ್ದರೆ ಸಾಕು.

ನೀರಿನ ಬಗ್ಗೆ ಒಂದು ಮಾತು. ಐಸ್ ಆದ ಮೇಲೆ ಕ್ರಿಮಿ ಸಾಯುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಸಾಯುವುದಿಲ್ಲ, ತೆಪ್ಪಗೆ ಇರುತ್ತವೆ ಅಷ್ಟೇ. ಹಾಗಾಗಿ ಕುದಿಸಿ ಆರಿಸಿದ ನೀರನ್ನೇ ಬಳಸಿ. ಪುದಿನದಂಥ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ, ಎಲೆಯ ಸಂದಿಯಲ್ಲಿ ಮಣ್ಣು ಇದ್ದೇ ಇರುತ್ತದೆ.

ಸೊಪ್ಪನ್ನು ರುಬ್ಬಬೇಡಿ

ಮೊದಲ ಬೇಸಿಗೆಯಲ್ಲಿ ನಾನು ಕಲ್ಲಂಗಡಿ, ಪುದಿನ ಎರಡನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿದ್ದೆ. ಕೆಂಪೂ ಹಸಿರೂ ಸೇರಿ ಮಣ್ಣಿನ ಬಣ್ಣ ಬಂತು. ಗಟ್ಟಿಯಾದ ಮೇಲೆ ತಿಂದರೆ ಕೊನೆಗೆ ನಾಲಿಗೆಯಲ್ಲಿ ಕಹಿ. ಮಗಳು ಅರ್ಧಕ್ಕೇ ಬಿಟ್ಟಳು. ಸೊಪ್ಪಿನಿಂದ ನಮಗೆ ಬೇಕಾದದ್ದು ಘಮ ಮಾತ್ರ. ಅದಕ್ಕೆ ಪಾಕದಲ್ಲಿ ನೆನೆಸುವುದೇ ಒಳ್ಳೆ ದಾರಿ.

ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರು ಒಲೆಯ ಮೇಲಿಡಿ. ಎಳೆ ಪಾಕ ಏನೂ ಬೇಡ, ಸಕ್ಕರೆ ಕರಗಿ ಒಂದು ಕುದಿ ಬಂದರೆ ಸಾಕು. ಒಲೆ ಆರಿಸಿ. ಈಗ ಒಂದು ಹಿಡಿ ಪುದಿನ ಎಲೆಯನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಒಮ್ಮೆ ತಟ್ಟಿ, ಹಾಗೇ ಪಾಕಕ್ಕೆ ಹಾಕಿ ಮುಚ್ಚಳ ಮುಚ್ಚಿ. 15 ನಿಮಿಷ ತೆಗೆಯಬೇಡಿ. ಆಮೇಲೆ ಮುಚ್ಚಳ ಎತ್ತಿದಾಗ ಅದರ ಒಳಗೆ ಹನಿಹನಿಯಾಗಿ ನೀರು ನಿಂತಿರುತ್ತದೆ. ಆ ಹನಿಯನ್ನೂ ಪಾತ್ರೆಗೇ ಬಸಿಯಿರಿ, ಘಮ ಅದರಲ್ಲೂ ಇದೆ. ಎಲೆ ಬಾಡಿ ಕಪ್ಪಾಗಿರುತ್ತದೆ, ಅದರ ಕೆಲಸ ಮುಗಿಯಿತು. ಸೋಸಿ ತೆಗೆಯಿರಿ.

ಮಜ್ಜಿಗೆ ಹುಲ್ಲಿನ ನಾರು ಗಟ್ಟಿ, ಅದನ್ನು 5 ನಿಮಿಷ ನೀರಿನಲ್ಲಿ ಕುದಿಸಬೇಕು. ತುಳಸಿ ಖಾರ, 6–7 ಎಲೆ ದಾಟಿದರೆ ಕಷಾಯದ ನೆನಪಾಗುತ್ತದೆ. ಲಾವಂಚದ ಬೇರನ್ನು ತೊಳೆದು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಆ ನೀರಿನಲ್ಲೇ ಪಾಕ ಮಾಡಿ, ನಿಂಬೆರಸ ಹಿಂಡಿ. ಇದಕ್ಕೆ ಹಣ್ಣೂ ಬೇಡ. ದೊಡ್ಡಪತ್ರೆ ಹಾಕಿಯೂ ನೋಡಿದ್ದೇನೆ, ಅದರ ಘಾಟು ಯಾವ ಹಣ್ಣಿಗೂ ಹೊಂದಲಿಲ್ಲ. ಅದು ತಂಬುಳಿಗೇ ಸರಿ.

ಕಲ್ಲಂಗಡಿ–ಪುದಿನ

ಇದರಿಂದ ಶುರು ಮಾಡಿ, ಕೈ ಪಳಗುತ್ತದೆ. ಕಲ್ಲಂಗಡಿಯಲ್ಲಿ ಶೇ 90ಕ್ಕಿಂತ ಜಾಸ್ತಿ ನೀರೇ. ಹಾಗೇ ರಸ ತೆಗೆದು ಫ್ರೀಜರ್‌ಗಿಟ್ಟರೆ ಕಲ್ಲಾಗುವುದು ಇದೇ ಕಾರಣಕ್ಕೆ. ಬೀಜ ತೆಗೆದ ಹೋಳುಗಳನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಸೋಸಿದರೆ 3 ಕಪ್ ರಸ ಬೇಕು. ಅದಕ್ಕೆ ಮೇಲೆ ಹೇಳಿದ ಪುದಿನದ ಪಾಕ ಪೂರ್ತಿ, ಒಂದು ದೊಡ್ಡ ನಿಂಬೆಹಣ್ಣಿನ ರಸ, ಎರಡು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ. ಕಲ್ಲಂಗಡಿಯ ಸಪ್ಪೆತನ ಕಳೆಯುವುದು ಅದೇ.

ಮೇಲೆ ಚಂದ ಕಾಣಬೇಕಾದರೆ ಕಾಮಕಸ್ತೂರಿ ಬೀಜ ಹಾಕಿ. ಒಂದು ಚಿಕ್ಕ ಚಮಚ ಬೀಜವನ್ನು ಅರ್ಧ ಕಪ್ ನೀರಿನಲ್ಲಿ 15 ನಿಮಿಷ ನೆನೆಸಿದರೆ ಒಂದೊಂದರ ಸುತ್ತಲೂ ಬೂದು ಬಣ್ಣದ ಲೋಳೆ ಉಬ್ಬಿ ನಿಲ್ಲುತ್ತದೆ. ನೀರು ಬಸಿದು ರಸಕ್ಕೆ ಬೆರೆಸಿ. ತಿನ್ನುವಾಗ ಹಲ್ಲಿಗೆ ಸಿಗುವ ಆ ಕರಕರ ನನಗೆ ತುಂಬಾ ಇಷ್ಟ.

ಮಾವು–ಮಜ್ಜಿಗೆ ಹುಲ್ಲು

ಮಾವಿನ ತಿರುಳು ಮಂದ. ಅದರಲ್ಲಿರುವ ನಾರಿನಂಶ ಐಸಿನ ಹರಳು ದೊಡ್ಡದಾಗಲು ಬಿಡುವುದಿಲ್ಲ, ಹಾಗಾಗಿ ಹಣ್ಣಿನ ಕ್ಯಾಂಡಿಗಳಲ್ಲೆಲ್ಲ ಇದು ಅತಿ ನಯ. ರಸಪುರಿ ಸಿಕ್ಕರೆ ಅದನ್ನೇ ತನ್ನಿ, ಬಾದಾಮಿಯೂ ಚೆನ್ನ. ತೋತಾಪುರಿ ಆದರೆ ಸಕ್ಕರೆ ಒಂದು ಚಮಚ ಜಾಸ್ತಿ ಬೇಕು.

ಮಜ್ಜಿಗೆ ಹುಲ್ಲಿನ ಎರಡು ಎಲೆಯನ್ನು ಬೆರಳುದ್ದ ಕತ್ತರಿಸಿ, ಮುಕ್ಕಾಲು ಕಪ್ ನೀರಿನಲ್ಲಿ ಕುದಿಸಿ, 3 ದೊಡ್ಡ ಚಮಚ ಸಕ್ಕರೆ ಕರಗಿಸಿ, 20 ನಿಮಿಷ ಮುಚ್ಚಿಡಿ. ಸೋಸಿದ ಈ ನೀರನ್ನು 2 ಕಪ್ ಮಾವಿನ ತಿರುಳಿಗೆ ಬೆರೆಸಿ. ಒಂದು ಚಿಕ್ಕ ಚಮಚ ನಿಂಬೆರಸ, ಚಿಟಿಕೆ ಉಪ್ಪು ಇರಲಿ. ಮೊದಲು ಮಾವಿನ ರುಚಿ ಬರುತ್ತದೆ, ನುಂಗಿದ ಮೇಲೆ ಮೂಗಿನಲ್ಲಿ ನಿಂಬೆಯಂಥ ಘಮ ಉಳಿಯುತ್ತದೆ.

ಪುನರ್ಪುಳಿ

ಕರಾವಳಿಯಲ್ಲಿ ಪುನರ್ಪುಳಿ, ಘಟ್ಟದ ಮೇಲೆ ಮುರುಗಲು. ಶರಬತ್ತು ಎಲ್ಲರೂ ಮಾಡುತ್ತಾರೆ, ಅದನ್ನೇ ಕಡ್ಡಿಗೆ ಏರಿಸಿ ನೋಡಿ. ಒಂದು ಹಿಡಿ ಒಣ ಸಿಪ್ಪೆಯನ್ನು ಎರಡೂವರೆ ಕಪ್ ನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಕಿವುಚಿ, ಸೋಸಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಮೊದಲೇ ತೊಳೆದುಕೊಳ್ಳಿ. ಅರ್ಧ ಕಪ್ಪಿಗಿಂತ ತುಸು ಜಾಸ್ತಿ ಸಕ್ಕರೆ, ಅರ್ಧ ಚಿಕ್ಕ ಚಮಚ ಹುರಿದ ಜೀರಿಗೆ ಪುಡಿ. ಬೆಲ್ಲ ಹಾಕುವವರು ಕರಗಿಸಿ ಸೋಸಿಯೇ ಹಾಕಿ, ಕಲ್ಲು ಇರುತ್ತದೆ. ಹುಳಿ ರಸ, ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲೇ ಇರಲಿ.

ಅನಾನಸ್ ಕ್ಯಾಂಡಿಗೆ ಮೊಸರು ಅಥವಾ ಹಾಲು ಸೇರಿಸುವ ಆಸೆ ಇದ್ದರೆ ಹಣ್ಣನ್ನು ಸಕ್ಕರೆ ಜೊತೆ ಒಂದೈದು ನಿಮಿಷ ಬೇಯಿಸಿಕೊಳ್ಳಿ. ಹಸಿ ಅನಾನಸ್‌ನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೊಟೀನನ್ನು ಒಡೆದು ಕಹಿ ಮಾಡುತ್ತದೆ. ಬೇಯಿಸಿದರೆ ಆ ಕಾಟ ಇಲ್ಲ.

ಅಚ್ಚಿಗೆ ಹುಯ್ದು, ಕಡ್ಡಿ ನಿಲ್ಲಿಸುವುದು

ತಣ್ಣಗಾದ ರಸವನ್ನು ಲೋಟಕ್ಕೆ ಹುಯ್ಯುವಾಗ ಮೇಲೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಬಿಡಿ. ನೀರು ಐಸ್ ಆಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಅಂಚಿನವರೆಗೆ ತುಂಬಿದರೆ ಉಕ್ಕಿ ಫ್ರೀಜರ್ ತಳಕ್ಕೆ ಅಂಟಿಕೊಳ್ಳುತ್ತದೆ. ಲೋಟದ ಬಾಯಿಗೆ ಫಾಯಿಲ್ ಬಿಗಿಯಾಗಿ ಮುಚ್ಚಿ, ನಡುವೆ ಚಾಕುವಿನ ತುದಿಯಿಂದ ಕಡ್ಡಿ ಹಿಡಿಸುವಷ್ಟೇ ಸೀಳು ಮಾಡಿ, ಕಡ್ಡಿ ಇಳಿಸಿ. ಫಾಯಿಲ್ ಹಿಡಿದುಕೊಂಡಿರುವುದರಿಂದ ಕಡ್ಡಿ ವಾಲುವುದಿಲ್ಲ. ಫಾಯಿಲ್ ಇಲ್ಲದಿದ್ದರೆ ಒಂದೂವರೆ ಗಂಟೆ ಬಿಟ್ಟು, ರಸ ಗಂಜಿಯ ಹದಕ್ಕೆ ಬಂದಾಗ ಕಡ್ಡಿ ಚುಚ್ಚಿ.

ಲೋಟಗಳನ್ನು ಒಂದಕ್ಕೊಂದು ತಾಗದ ಹಾಗೆ ಫ್ರೀಜರ್‌ನ ತಳಕ್ಕೆ ತಾಗಿಸಿ ಇಡಿ. 6ರಿಂದ 8 ಗಂಟೆ ಬೇಕು. ರಾತ್ರಿ ಊಟವಾದ ಮೇಲೆ ಇಟ್ಟು ಮಲಗಿಬಿಡುವುದು ನನ್ನ ರೂಢಿ. ಮಕ್ಕಳು ಮಧ್ಯೆ ಮಧ್ಯೆ ತೆಗೆದು ನೋಡುವ ಕಾಟವೂ ಇರುವುದಿಲ್ಲ.

ತೆಗೆಯುವಾಗ ಅವಸರ ಬೇಡ. ಕಡ್ಡಿ ಹಿಡಿದು ಎಳೆದರೆ ಕಡ್ಡಿ ಮಾತ್ರ ಕೈಗೆ ಬರುತ್ತದೆ. ಒಂದು ಬೋಗುಣಿಯಲ್ಲಿ ನಲ್ಲಿ ನೀರು ತುಂಬಿ ಲೋಟವನ್ನು ಕತ್ತಿನವರೆಗೆ ಅದ್ದಿ, 10ರವರೆಗೆ ಎಣಿಸಿ. ಲೋಟದ ಹೊರಮೈಯ ಬಿಳಿ ಮಂಜು ಕರಗಿ ಸ್ಟೀಲ್ ಹೊಳೆಯುತ್ತದೆ. ಈಗ ಕಡ್ಡಿಯನ್ನು ಮೆಲ್ಲಗೆ ತಿರುಗಿಸಿ. ಒಳಗೆ ಚಕ್ಕನೆ ಬಿಟ್ಟಿದ್ದು ಕೈಗೇ ತಿಳಿಯುತ್ತದೆ. ಮೇಲೆತ್ತಿದರೆ ಕೆಂಪು ಕ್ಯಾಂಡಿ ಪೂರ್ತಿ ಬರುತ್ತದೆ, ಮೈಮೇಲೆ ತೆಳುವಾಗಿ ರಸ ಜಿನುಗುತ್ತಿರುತ್ತದೆ. ಒಂದು ನಿಮಿಷ ಬಿಟ್ಟು ಕೊಡಿ. ಆಗಷ್ಟೇ ತೆಗೆದದ್ದು ಚಿಕ್ಕ ಮಕ್ಕಳ ತುಟಿಗೆ, ನಾಲಿಗೆಗೆ ಅಂಟಿಕೊಳ್ಳುತ್ತದೆ.

ಎಲ್ಲವನ್ನೂ ಒಂದೇ ದಿನ ತಿನ್ನದಿದ್ದರೆ ಅಚ್ಚಿನಿಂದ ತೆಗೆದು ಒಂದೊಂದನ್ನೇ ಬಟರ್ ಪೇಪರ್‌ನಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲೇ ಇಡಿ. ಹಾಗೇ ಬಿಟ್ಟರೆ ಪಕ್ಕದಲ್ಲಿರುವ ಶುಂಠಿ–ಬೆಳ್ಳುಳ್ಳಿ ಪೇಸ್ಟಿನ ವಾಸನೆಯೆಲ್ಲ ಹೀರಿಕೊಳ್ಳುತ್ತವೆ. ಎರಡು ವಾರದೊಳಗೆ ತಿಂದು ಮುಗಿಸಿ, ಆಮೇಲೆ ಘಮ ಇಳಿಯುತ್ತದೆ.

ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಹೋದಾಗ ಫ್ರೀಜರ್ ಬಾಗಿಲು ತೆಗೆಯಲೇಬೇಡಿ, ಒಂದೆರಡು ಗಂಟೆ ತಡೆಯುತ್ತದೆ. ಅದಕ್ಕೂ ಜಾಸ್ತಿಯಾಗಿ ಕ್ಯಾಂಡಿ ಕರಗಿಬಿಟ್ಟರೆ ಮತ್ತೆ ಗಟ್ಟಿ ಮಾಡಲು ಹೋಗಬೇಡಿ. ಎರಡನೇ ಸಲ ಹರಳು ದಪ್ಪವಾಗಿ ಕಟ್ಟುತ್ತದೆ, ರುಚಿ ಕೆಡುತ್ತದೆ. ಇನ್ನೂ ತಣ್ಣಗಿರುವಾಗಲೇ ಲೋಟಕ್ಕೆ ಸುರಿದು, ಒಂದಕ್ಕೆ ಒಂದು ಪಾಲು ತಣ್ಣೀರು ಬೆರೆಸಿ, ಎಲ್ಲರೂ ಕುಳಿತು ಪಾನಕದ ಹಾಗೆ ಕುಡಿದುಬಿಡಿ.